ಭಾವನಿಗೆ ಉತ್ತರ: ಶುಕ್ರವಾರದ ಫೋನು

ಭಾವ, ಮನೆಯವರ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಸ್ಟಾಫ್ ರೂಮಿನಲ್ಲಿ ಕೂತು ಮಾತಾಡುತ್ತಿದ್ದೇನೆ, ಗಲಾಟೆ ಕೇಳಿಸಿದರೆ ಸಹಿಸಿಕೊಳ್ಳಿ. ಪುಟ್ಟಿಯ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನವರು ಶುಕ್ರವಾರ ಫೋನ್ ತರಬಹುದು ಅಂದಿದ್ದಾರೆ, ಕೊಡಬೇಕಾ ಬೇಡವಾ ಅಂತ ಕೇಳಿದ್ದೀರಿ. ಚಿಕ್ಕಪ್ಪ ಆಗಲೇ "ಆ ಶಾಲೆಯನ್ನೇ ಬಿಡಿಸಿ" ಅಂದುಬಿಟ್ಟಿದ್ದಾರೆ. ಚಿಕ್ಕಪ್ಪ, ಸ್ವಲ್ಪ ತಡೀರಿ!

ಭಾವ, ನಿಮ್ಮ ಭಯ ಸುಳ್ಳಲ್ಲ. ಹಳ್ಳಿ ಮಕ್ಕಳ ಓದು ಹೇಗಿದೆ ಅಂತ ನೋಡುವ ಅಸರ್ ಸಮೀಕ್ಷೆ ಇದೆಯಲ್ಲ, 2024ರಲ್ಲಿ ಅದರವರು 14ರಿಂದ 16 ವರ್ಷದ ಮಕ್ಕಳನ್ನು ಕೇಳಿದ್ದರು. ಸ್ಮಾರ್ಟ್‌ಫೋನ್ ಬಳಸಲು ಬರುವವರಲ್ಲಿ, ಹಿಂದಿನ ವಾರ ಅದನ್ನು ಓದಿಗೆ ಹಿಡಿದವರು ಶೇ. 57. ಸೋಷಿಯಲ್ ಮೀಡಿಯಾಕ್ಕೆ ಹಿಡಿದವರು ಶೇ. 76. ಕೊರೊನಾ ಕಾಲದಲ್ಲಿ ನಾನೇ ನೋಡಿದ್ದೇನೆ. ಮನೆಗೊಂದು ಫೋನು, ಅದೂ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ರಾತ್ರಿ ಎಂಟಕ್ಕೆ ಮಗು ಪಾಠ ನೋಡಬೇಕು. ಅದಕ್ಕಿಂತ ಚಂದನ ಟಿವಿಯ ಪಾಠವೇ ವಾಸಿ ಅನ್ನಿಸಿತ್ತು.

ಆದರೆ ಹೋದ ತಿಂಗಳು ನನ್ನ ಕ್ಲಾಸಿನಲ್ಲಿ ನಡೆದದ್ದು ಕೇಳಿ. ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ಇಂಟರ್ನೆಟ್ಟೂ ಬೇಡ. ಫೋನಿನೊಳಗಿನ ಸೆನ್ಸರ್‌ಗಳನ್ನೇ ಲ್ಯಾಬ್ ಸಾಮಾನು ಮಾಡಿಕೊಳ್ಳುತ್ತದೆ. ಲೋಲಕದ ಪ್ರಯೋಗಕ್ಕೆ ಗೈರೋಸ್ಕೋಪ್, ಅಂದರೆ ಫೋನ್ ತಿರುಗುವುದನ್ನು ಅಳೆಯುವ ಸೆನ್ಸರ್ ಬೇಕು, ನನ್ನ ಅಗ್ಗದ ಫೋನಿನಲ್ಲಿ ಅದಿಲ್ಲ. ಹೆಡ್‌ಮಾಸ್ಟರ್ ಫೋನ್ ಬೇಡಿ ತಂದು, ಸಾಕ್ಸಿನೊಳಗೆ ಹಾಕಿ, ಕಿಟಕಿ ಸರಳಿಗೆ ದಾರ ಕಟ್ಟಿ ತೂಗಿಬಿಟ್ಟೆ. ಮೊದಲ ಸಲ ತೂಗುವಾಗಲೇ ಅವರ ಮನೆಯಿಂದ ಕಾಲ್ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಏರೋಪ್ಲೇನ್ ಮೋಡ್ ಹಾಕಿ ಮತ್ತೆ ಶುರು ಮಾಡಿದೆವು.

ದಾರದ ಉದ್ದ ಕೊಟ್ಟರೆ ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಅಂತ, ಆ ಆ್ಯಪೇ ಲೆಕ್ಕ ಹಾಕುತ್ತದೆ. ಬಂದದ್ದು 9.1. ಪುಸ್ತಕದಲ್ಲಿರುವುದು 9.8. "ಸಾರ್ ಫೋನೇ ಸರಿಯಿಲ್ಲ" ಅಂದರು ಹುಡುಗರು. ಹಿಂದಿನ ಬೆಂಚಿನ ಒಬ್ಬಳು ಎದ್ದು, "ದಾರವನ್ನು ಸಾಕ್ಸಿನ ಬಾಯಿತನಕ ಮಾತ್ರ ಅಳೆದಿದ್ದೀವಿ, ಫೋನಿನ ನಡುವಿನ ತನಕ ಅಳೆಯಬೇಕಲ್ವಾ?" ಅಂದಳು. ಅಳೆದರು. ಏಳು ಸೆಂಟಿಮೀಟರ್ ಬಿಟ್ಟುಹೋಗಿತ್ತು. ಸೇರಿಸಿದರೆ 9.8ರ ಹತ್ತಿರ ಬಂತು. ಮೂವತ್ತು ಮಕ್ಕಳಿಗೆ ಒಂದೇ ಫೋನು, ಅದೂ ಯಾರ ಕೈಯಲ್ಲೂ ಇಲ್ಲ, ಗಾಳಿಯಲ್ಲಿ ತೂಗಾಡುತ್ತಿದೆ!

ಇನ್ನೊಂದು ಹೇಳಲೇಬೇಕು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯಲ್ಲಿ ರಣಜಿತ್‌ಸಿಂಹ ಡಿಸಲೆ ಅನ್ನುವ ಮೇಷ್ಟ್ರು ಇದ್ದರು, 2020ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಗೆದ್ದವರು. ಅಲ್ಲಿನ ಮಕ್ಕಳ ಮನೆಮಾತು ನಮ್ಮ ಕನ್ನಡ. ಅವರು ಪಠ್ಯವನ್ನು ಮಕ್ಕಳ ಮಾತಿಗೆ ತಂದು, ಪುಟಗಳಿಗೆ ಕ್ಯೂಆರ್ ಕೋಡ್ ಅಂಟಿಸಿದರು. ಸ್ಕ್ಯಾನ್ ಮಾಡಿದರೆ ಪದ್ಯ ಕೇಳುತ್ತದೆ, ಪಾಠ ಕಾಣುತ್ತದೆ. ಬಹುಮಾನ ಹತ್ತು ಲಕ್ಷ ಡಾಲರ್, ಅದರಲ್ಲಿ ಅರ್ಧವನ್ನು ಕೊನೆಯ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಮೇಷ್ಟ್ರುಗಳಿಗೆ ಹಂಚಿಬಿಟ್ಟರು. ಪುಟ್ಟಿಯ ಪುಸ್ತಕದಲ್ಲೂ ಕೋಡ್ ಇರುತ್ತದೆ, ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ತೆರೆದು ನೋಡಿ. ಕೆಲವು ವೀಡಿಯೊ ಸಪ್ಪೆ, ಅದು ಬೇರೆ ಮಾತು.

ಹಾಗಾಗಿ ಭಾವ, ಶಾಲೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ. ಶುಕ್ರವಾರ ಫೋನಿನಲ್ಲಿ ಮಕ್ಕಳಿಂದ ಏನು ಮಾಡಿಸುತ್ತೀರಿ? ಇಂಥ ಕೆಲಸ, ಇಷ್ಟು ಹೊತ್ತು, ನಾಲ್ವರಿಗೊಂದು ಫೋನ್ ಅಂದರೆ ಕಳಿಸಿ. "ಸುಮ್ನೆ ಗೂಗಲ್ ಮಾಡ್ಲಿ" ಅಂದರೆ ಬೇಡ. ಹೊಸದಂತೂ ಕೊಡಿಸಬೇಡಿ. ಬೀರುವಿನಲ್ಲಿರುವ ಗಾಜು ಒಡೆದ ಹಳೆಯದು ಸಾಕು, ಸಿಮ್ ತೆಗೆದುಬಿಡಿ.

ಭಾನುವಾರ ಬರುತ್ತೇನೆ, ಅದನ್ನು ಚಾರ್ಜಿಗೆ ಹಾಕಿಟ್ಟಿರಿ. ಗೈರೋಸ್ಕೋಪ್ ಇಲ್ಲದಿದ್ದರೆ ನಿಮ್ಮ ಹೊಸ ಫೋನನ್ನೇ ತೂಗುವುದು. ಸಾಕ್ಸ್ ನಾನೇ ತರುತ್ತೇನೆ, ಒಗೆದದ್ದೇ.