ಸ್ಲೋ ಮೋಷನ್ ಜರ್ಕ್, ರಿವರ್ಸ್ ಕ್ಲಿಪ್ ತಡವರಿಕೆ: ಕ್ಲಿಪ್ ಸ್ಪೀಡ್ ಬಗ್ಗೆ ಎಡಿಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ತೆಂಕುತಿಟ್ಟು ಯಕ್ಷಗಾನದ ಒಂದು ಆಟದ ವಿಡಿಯೊ ಎಡಿಟ್ ಮಾಡುತ್ತಿದ್ದೇನೆ. ದಿಗಿಣ (ಗಾಳಿಯಲ್ಲಿ ತಿರುಗುತ್ತಾ ಹಾರುವ ಕುಣಿತ) ಹೊಡೆಯುವ ಜಾಗವನ್ನು ಸ್ಲೋ ಮೋಷನ್‌ನಲ್ಲಿ ತೋರಿಸಬೇಕು. ಕ್ಯಾಮೆರಾದ ಕ್ಲಿಪ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಎಫ್‌ಪಿಎಸ್, ಮೊಬೈಲಿನದು 30. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಫ್ರೀ ಆವೃತ್ತಿ, ಟೈಮ್‌ಲೈನ್ 25. ಸ್ಪೀಡ್ 50% ಕೊಟ್ಟರೆ ಕ್ಯಾಮೆರಾ ಕ್ಲಿಪ್ ಸಣ್ಣಗೆ ಜರ್ಕ್ ಹೊಡೆಯುತ್ತದೆ, ಮೊಬೈಲ್ ಕ್ಲಿಪ್ ಅಂತೂ ತಡೆತಡೆದು ಓಡುತ್ತದೆ. ಆಪ್ಟಿಕಲ್ ಫ್ಲೋ ಹಾಕಿದರೆ ಬೆರಳುಗಳು ಕರಗಿದ ಹಾಗೆ ಕಾಣುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಎಷ್ಟು ಪರ್ಸೆಂಟ್ ಎಂದು ಯೋಚಿಸುವ ಮೊದಲು ಕ್ಲಿಪ್‌ನಲ್ಲಿ ಎಷ್ಟು ಫ್ರೇಮ್ ಇದೆ ಎಂದು ಲೆಕ್ಕ ಹಾಕಿ. ನಿಮ್ಮ ಮೂರೂ ತೊಂದರೆಗಳ ಬೇರು ಅಲ್ಲೇ ಇದೆ.

60ರ ಕ್ಲಿಪ್ ಅನ್ನು 50%ಗೆ ಇಳಿಸಿದರೆ ಸೆಕೆಂಡಿಗೆ 30 ಫ್ರೇಮ್ ಬರುತ್ತವೆ. ನಿಮ್ಮ ಟೈಮ್‌ಲೈನ್‌ನಲ್ಲಿ ಜಾಗ ಇರುವುದು 25ಕ್ಕೆ. ಉಳಿದ 5 ಫ್ರೇಮ್ ಬಿದ್ದುಹೋಗುತ್ತವೆ, ಅಂದರೆ ಸೆಕೆಂಡಿಗೆ ಐದು ಸಲ ಚಲನೆ ಒಂದು ಮೆಟ್ಟಿಲು ಹಾರುತ್ತದೆ. ನೀವು ನೋಡುತ್ತಿರುವ ಸಣ್ಣ ಜರ್ಕ್ ಅದೇ. 40% ಕೊಟ್ಟರೆ 24 ಫ್ರೇಮ್ ಸಿಗುತ್ತವೆ, ಒಂದು ಫ್ರೇಮ್ ಎರಡು ಸಲ ಬರುತ್ತದೆ, ಸೆಕೆಂಡಿಗೊಮ್ಮೆ ಸಣ್ಣದಾಗಿ ಎಡವುತ್ತದೆ. ಟೈಮ್‌ಲೈನ್ ರೇಟನ್ನು ಕ್ಲಿಪ್ ರೇಟಿನಿಂದ ಭಾಗಿಸಿ 100ರಿಂದ ಗುಣಿಸಿ: 25 ÷ 60 × 100 = 41.67. ಆ ಸಂಖ್ಯೆ ಕೊಟ್ಟರೆ ತೆಗೆದ ಪ್ರತಿ ಫ್ರೇಮೂ ಒಂದೊಂದೇ ಸಲ ಬರುತ್ತದೆ, ಬೆಣ್ಣೆಯಂತೆ ಓಡುತ್ತದೆ. ಇದೇ ಲೆಕ್ಕದಲ್ಲಿ 25ರ ಟೈಮ್‌ಲೈನ್‌ಗೆ 50ರ ಕ್ಲಿಪ್ ಆದರೆ 50%, 100ರದಾದರೆ 25%, 120ರದಾದರೆ 20.83%. ಒಂದು ಎಚ್ಚರಿಕೆ: ಮೆನುವಿನಲ್ಲಿ 60 ಎಂದು ತೋರಿಸುವ ಎಷ್ಟೋ ಕ್ಯಾಮೆರಾಗಳು ಬರೆಯುವುದು 59.94. ಮೀಡಿಯಾ ಪೂಲ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಕ್ಲಿಪ್ ಆಟ್ರಿಬ್ಯೂಟ್ಸ್ ತೆರೆದು ನೋಡಿ. 59.94 ಇದ್ದರೆ ನಿಮ್ಮ ಸಂಖ್ಯೆ 41.71.

ಅದೇ ಕಿಟಕಿಯಲ್ಲಿ ವಿಡಿಯೊ ಫ್ರೇಮ್ ರೇಟ್ ಅನ್ನೇ 25 ಎಂದು ಬದಲಿಸಿದರೆ ಪರ್ಸೆಂಟ್ ಗೋಜೇ ಇಲ್ಲ, ಕ್ಲಿಪ್ ಟೈಮ್‌ಲೈನ್‌ಗೆ ಬರುವಾಗಲೇ ಸ್ಲೋ ಆಗಿ ಬರುತ್ತದೆ. ಪ್ರೀಮಿಯರ್ ಎಂಬ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಇಂಟರ್‌ಪ್ರೆಟ್ ಫುಟೇಜ್ ಎನ್ನುತ್ತಾರೆ. ಆದರೆ ಇದು ಮೂಲ ಕ್ಲಿಪ್‌ಗೇ ಆಗುವ ಬದಲಾವಣೆ, ಧ್ವನಿಯೂ ಚಿತ್ರವೂ ಹೊಂದಿಕೊಳ್ಳುವುದಿಲ್ಲ. ಅದೇ ಕ್ಲಿಪ್ ಬೇರೆ ಕಡೆ ಮಾಮೂಲಿ ವೇಗದಲ್ಲಿ ಬೇಕಿದ್ದರೆ ಮೊದಲು ಡೂಪ್ಲಿಕೇಟ್ ಮಾಡಿಕೊಳ್ಳಿ. ಚೆಂಡೆ ಮದ್ದಳೆಯ ಸದ್ದು ಬೇಕಾದ ಕ್ಲಿಪ್‌ಗೆ ಈ ದಾರಿ ಬೇಡ.

ಇನ್ನು ಮೊಬೈಲಿನ 30ರ ಕ್ಲಿಪ್. 25ರ ಟೈಮ್‌ಲೈನ್‌ನಲ್ಲಿ ಅದರ ಕೆಳಮಿತಿ 83.33%. ಅದಕ್ಕಿಂತ ಇಳಿದರೆ ಫ್ರೇಮ್ ಸಾಲುವುದಿಲ್ಲ. 50%ಗೆ ಇಳಿಸಿದಾಗ ಸೆಕೆಂಡಿಗೆ ನಿಜವಾದ 15 ಫ್ರೇಮ್ ಮಾತ್ರ ಇರುತ್ತವೆ, ಬಾಕಿ 10 ಜಾಗವನ್ನು ಸಾಫ್ಟ್‌ವೇರ್ ಹೇಗೋ ತುಂಬಬೇಕು. ಅದು ಹೇಗೆ ತುಂಬಬೇಕು ಎಂಬುದನ್ನು ಇನ್‌ಸ್ಪೆಕ್ಟರ್‌ನ ರೀಟೈಮ್ ಅಂಡ್ ಸ್ಕೇಲಿಂಗ್‌ನಲ್ಲಿ ಆರಿಸುತ್ತೀರಿ. ನಿಯರೆಸ್ಟ್ ಎಂದರೆ ಹತ್ತಿರದ ಫ್ರೇಮನ್ನೇ ಇನ್ನೊಮ್ಮೆ ಇಡುವುದು. ಫ್ರೇಮ್ ಬ್ಲೆಂಡ್ ಎಂದರೆ ಅಕ್ಕಪಕ್ಕದ ಎರಡನ್ನು ಒಂದರ ಮೇಲೊಂದು ಮಸುಕಾಗಿ ಬೆರೆಸುವುದು. ಆಪ್ಟಿಕಲ್ ಫ್ಲೋ ಎಂದರೆ ಎರಡು ಫ್ರೇಮ್‌ಗಳ ನಡುವೆ ಯಾವ ಪಿಕ್ಸೆಲ್ ಎಲ್ಲಿಗೆ ಸರಿಯಿತು ಎಂದು ಊಹಿಸಿ ಮಧ್ಯದ ಚಿತ್ರವನ್ನು ಹೊಸದಾಗಿ ಕಟ್ಟುವುದು.

ದಿಗಿಣದಲ್ಲಿ ಈ ಊಹೆ ಸೋಲುತ್ತದೆ. ವೇಷಧಾರಿ ಗಾಳಿಯಲ್ಲಿ ತಿರುಗುವಾಗ ಒಂದು ಫ್ರೇಮ್‌ನಲ್ಲಿ ಎದೆಯ ಮುಂದಿರುವ ಕೈ ಮುಂದಿನ ಫ್ರೇಮ್‌ನಲ್ಲಿ ಬೆನ್ನ ಹಿಂದೆ. ಮಧ್ಯದಲ್ಲಿ ಆ ಕೈ ಎಲ್ಲಿತ್ತು ಎಂಬ ಸುಳಿವು ಎರಡು ಫ್ರೇಮ್‌ನಲ್ಲೂ ಇಲ್ಲ. ಭುಜಕೀರ್ತಿಯ ಹೊಳಪಿನ ಚುಕ್ಕೆಗಳೋ ಎಲ್ಲ ಒಂದೇ ಥರ, ಯಾವುದು ಯಾವುದಾಯಿತು ಎಂದು ಲೆಕ್ಕ ತಪ್ಪುತ್ತದೆ. ಅದಕ್ಕೇ ಬೆರಳು ಕರಗುವುದು, ಕಿರೀಟದ ಅಂಚು ಹಿಂದಿನ ಪರದೆಯನ್ನು ಎಳೆದುಕೊಂಡು ಹೋಗುವುದು. ಮೋಷನ್ ಎಸ್ಟಿಮೇಷನ್ ಅನ್ನು ಎನ್‌ಹ್ಯಾನ್ಸ್ಡ್ ಬೆಟರ್‌ಗೆ ಇಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಸ್ಪೀಡ್ ವಾರ್ಪ್ ಇನ್ನೂ ಚೆನ್ನಾಗಿ ಮಾಡುತ್ತದೆ, ಆದರೆ ಅದು ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ ಸಿಗುತ್ತದೆ.

ಫ್ರೀ ಆವೃತ್ತಿಯಲ್ಲೇ ಮಾಡಬಹುದಾದ ರಿಪೇರಿ ಒಂದಿದೆ. ಒಂದೇ ಕ್ಲಿಪ್‌ನ ಎರಡು ಪ್ರತಿಗಳನ್ನು ಒಂದರ ಮೇಲೊಂದು ಇಡಿ, ಸ್ಪೀಡ್ ಎರಡಕ್ಕೂ ಒಂದೇ. ಮೇಲಿನದಕ್ಕೆ ಆಪ್ಟಿಕಲ್ ಫ್ಲೋ, ಕೆಳಗಿನದಕ್ಕೆ ಫ್ರೇಮ್ ಬ್ಲೆಂಡ್. ಆರೋ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿ. ಚಿತ್ರ ಕರಗಿದ ಜಾಗ ಸಾಮಾನ್ಯವಾಗಿ ಮೂರು ನಾಲ್ಕು ಫ್ರೇಮ್ ಅಷ್ಟೇ ಇರುತ್ತದೆ. ಅಲ್ಲಿ ಮಾತ್ರ ಮೇಲಿನ ಪದರವನ್ನು ಬ್ಲೇಡ್‌ನಿಂದ ಕತ್ತರಿಸಿ ತೆಗೆಯಿರಿ, ಕೆಳಗಿನದು ಕಾಣುತ್ತದೆ. ಓಟದಲ್ಲಿ ಆ ಮಸುಕು ಕಣ್ಣಿಗೆ ಹಿಡಿಯುವುದಿಲ್ಲ, ಕರಗಿದ ಬೆರಳು ಖಂಡಿತ ಹಿಡಿಯುತ್ತದೆ. ಅಷ್ಟಾದರೂ ಮೊಬೈಲ್ ಕ್ಲಿಪ್ ಅನ್ನು 60%ಗಿಂತ ಕೆಳಗೆ ಎಳೆಯಬೇಡಿ ಎಂಬುದು ನನ್ನ ಸಲಹೆ. ಕಲಾವಿದರು ಪ್ರಾಣ ಹಾಕಿ ಹೊಡೆದ ದಿಗಿಣವನ್ನು ಇಲ್ಲದ ಫ್ರೇಮ್‌ಗಳಿಂದ ಕೆಡಿಸುವ ಬದಲು ಮಾಮೂಲಿ ವೇಗದಲ್ಲಿ ತೋರಿಸುವುದೇ ಮೇಲು.

ಇನ್ನೊಬ್ಬ ಸದಸ್ಯರು: ಮೊಬೈಲ್ ಕ್ಲಿಪ್ ಆದರೆ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲವಲ್ಲ ಸರ್, ವೇರಿಯಬಲ್ ಇರುತ್ತದೆ. ಅದಕ್ಕೂ ಜರ್ಕ್ ಬರಬಹುದು.

ಉತ್ತರ: ಹೌದು, ಒಳ್ಳೆಯದನ್ನು ನೆನಪಿಸಿದಿರಿ. ಬೆಳಕು ಕಡಿಮೆಯಾದಾಗ ಎಷ್ಟೋ ಫೋನ್‌ಗಳು ತಾವಾಗಿಯೇ ಫ್ರೇಮ್ ಇಳಿಸುತ್ತವೆ, ರಾತ್ರಿಯ ಆಟದಲ್ಲಿ ಇದು ಹೆಚ್ಚು. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ವಿಡಿಯೊ ಟ್ಯಾಬ್‌ಗೆ ಹೋಗಿ ಫ್ರೇಮ್ ರೇಟ್ 30, ಅದರ ಕೆಳಗೆ ಕಾನ್‌ಸ್ಟಂಟ್ ಆರಿಸಿ, ಕ್ವಾಲಿಟಿ ಆರ್‌ಎಫ್ 16ರಿಂದ 18ರ ಒಳಗಿಟ್ಟು ಬದಲಿಸಿಕೊಂಡು ಆಮೇಲೆ ಎಡಿಟ್‌ಗೆ ತನ್ನಿ. ಸ್ಪೀಡ್ ಮುಟ್ಟುವ ಮೊದಲೇ ಇದು ಆಗಬೇಕು.

ಪ್ರಶ್ನೆ: ನಾನು 120 ಎಫ್‌ಪಿಎಸ್‌ನಲ್ಲೇ ತೆಗೆದಿದ್ದೆ ಅಣ್ಣ. ಸ್ಲೋ ಮಾಡಿದರೆ ಇಡೀ ರಂಗಸ್ಥಳ ಮಿಣುಕುತ್ತದೆ. ಸಾಫ್ಟ್‌ವೇರ್ ತೊಂದರೆಯೇ?

ಉತ್ತರ: ಅಲ್ಲ, ಕರೆಂಟಿನದು. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್, ಕಡಿಮೆ ದರ್ಜೆಯ ಎಲ್‌ಇಡಿ ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/50 ಅಥವಾ 1/100 ಇದ್ದರೆ ಪ್ರತಿ ಫ್ರೇಮ್‌ಗೂ ಸಮಾನ ಬೆಳಕು ಬೀಳುತ್ತದೆ. ಆದರೆ 120 ಎಫ್‌ಪಿಎಸ್‌ನಲ್ಲಿ ಶಟರ್ 1/120ಕ್ಕಿಂತ ನಿಧಾನವಾಗಲು ಸಾಧ್ಯವಿಲ್ಲ, 1/100 ಇಡುವ ದಾರಿಯೇ ಮುಚ್ಚಿಹೋಯಿತು. ಮುಂದಿನ ಸಲ ಕ್ಯಾಮೆರಾ ಮೆನುವಿನಲ್ಲಿ ಪಾಲ್ (PAL) ಎಂಬ ವಿಡಿಯೊ ಪದ್ಧತಿ ಆರಿಸಿಕೊಳ್ಳಿ. ಆಗ 25, 50, 100 ಎಂಬ ಆಯ್ಕೆಗಳು ಬರುತ್ತವೆ. 100 ಎಫ್‌ಪಿಎಸ್‌ಗೆ ಶಟರ್ 1/100. ಚಲನೆಯ ಮಸುಕು ಸ್ವಲ್ಪ ಜಾಸ್ತಿ ಬರುತ್ತದೆ, ಮಿಣುಕು ಬರುವುದಿಲ್ಲ. ಡಿಮ್ಮರ್ ಹಾಕಿದ ಎಲ್‌ಇಡಿಗಳ ಏರಿಳಿತ ಬೇರೆಯೇ ಲೆಕ್ಕದ್ದು, ಆಟ ಶುರುವಾಗುವ ಮೊದಲು ಹತ್ತು ಸೆಕೆಂಡ್ ತೆಗೆದು ನೋಡಿಕೊಳ್ಳಿ. ಈಗಿರುವ ಕ್ಲಿಪ್‌ಗೆ ರಿಸಾಲ್ವ್ ಸ್ಟುಡಿಯೊದಲ್ಲಿ ಡೀಫ್ಲಿಕರ್ ಇದೆ, ಮಿಣುಕನ್ನು ತಕ್ಕಮಟ್ಟಿಗೆ ಇಳಿಸುತ್ತದೆ.

ಪ್ರಶ್ನೆ: ದಿಗಿಣದ ಜಾಗ ಮಾತ್ರ ಸ್ಲೋ ಆಗಿ, ಹಿಂದೆ ಮುಂದೆ ಮಾಮೂಲಿ ವೇಗ ಇರಬೇಕು. ಚೆಂಡೆಯ ಸದ್ದು ಕೆಡಬಾರದು.

ಉತ್ತರ: ಮೊದಲು ಧ್ವನಿಯನ್ನು ಅನ್‌ಲಿಂಕ್ ಮಾಡಿ ಆ ಟ್ರ್ಯಾಕ್ ಲಾಕ್ ಮಾಡಿ. ರಿಸಾಲ್ವ್‌ನಲ್ಲಿ ಕ್ಲಿಪ್ ಆರಿಸಿ ಕಂಟ್ರೋಲ್ ಮತ್ತು ಆರ್ ಒತ್ತಿ, ರೀಟೈಮ್ ಕಂಟ್ರೋಲ್ಸ್ ಬರುತ್ತದೆ. ಕಾಲು ನೆಲ ಬಿಡುವ ಫ್ರೇಮ್‌ನಲ್ಲಿ ಪ್ಲೇಹೆಡ್ ಇಟ್ಟು, ಕ್ಲಿಪ್ ಕೆಳಗಿನ ಪರ್ಸೆಂಟ್ ಪಕ್ಕದ ಬಾಣ ಒತ್ತಿ ಆಡ್ ಸ್ಪೀಡ್ ಪಾಯಿಂಟ್. ಕಾಲು ನೆಲ ಮುಟ್ಟುವಲ್ಲಿ ಇನ್ನೊಂದು. ನಡುವಿನ ತುಂಡಿನ ಬಾಣದಲ್ಲಿ ಚೇಂಜ್ ಸ್ಪೀಡ್‌ಗೆ ಹೋಗಿ ವೇಗ ಇಳಿಸಿ. ಬದಲಾವಣೆ ಧಡಕ್ಕನೆ ಆಗಬಾರದು ಎಂದಿದ್ದರೆ ರೈಟ್ ಕ್ಲಿಕ್ ಮಾಡಿ ರೀಟೈಮ್ ಕರ್ವ್ ತೆರೆಯಿರಿ. ಅಲ್ಲಿ ಮೊದಲು ಕಾಣುವುದು ರೀಟೈಮ್ ಫ್ರೇಮ್. ಅದನ್ನು ಬಿಟ್ಟು ರೀಟೈಮ್ ಸ್ಪೀಡ್ ಆರಿಸಿ, ಪಾಯಿಂಟ್ ಆರಿಸಿ ಬೆಜಿಯರ್ ಗುಂಡಿ ಒತ್ತಿದರೆ ಮೂಲೆ ಬಾಗುತ್ತದೆ. ಬಾಗು ಆರೇಳು ಫ್ರೇಮ್ ಸಾಕು.

ಎಲ್ಲರೂ ಎಡವುವುದು ಇದರ ಮುಂದಿನ ಹಂತದಲ್ಲಿ. 1.2 ಸೆಕೆಂಡಿನ ದಿಗಿಣ 41.67%ನಲ್ಲಿ 2.88 ಸೆಕೆಂಡ್ ಆಗುತ್ತದೆ. ಚಿತ್ರ 1.68 ಸೆಕೆಂಡ್ ಹಿಂದೆ ಬಿತ್ತು, ಚೆಂಡೆ ಮಾತ್ರ ತನ್ನ ಪಾಡಿಗೆ ಮುಂದೆ ಹೋಯಿತು. ಮುಂದಿನ ಹೆಜ್ಜೆಗಳೆಲ್ಲ ತಾಳ ತಪ್ಪಿದಂತೆ ಕಾಣುತ್ತವೆ, ಯಕ್ಷಗಾನ ನೋಡಿ ಬೆಳೆದವರಿಗೆ ಅದು ಮೊದಲ ಪೆಟ್ಟಿಗೇ ಗೊತ್ತಾಗುತ್ತದೆ. ಆದ್ದರಿಂದ ಕಾಲು ನೆಲ ಮುಟ್ಟಿದ ಮೇಲೆ ಚಿತ್ರದಿಂದ ಅಷ್ಟೇ 1.68 ಸೆಕೆಂಡ್, ಅಂದರೆ 42 ಫ್ರೇಮ್ ಕತ್ತರಿಸಿ ತೆಗೆಯಬೇಕು. ಆ ಕತ್ತರಿಯ ಮೇಲೆ ಪ್ರೇಕ್ಷಕರ ಶಾಟ್ ಒಂದನ್ನು ಹೊದಿಸಿ. ಮರಳಿ ಬರುವಾಗ ಹೆಜ್ಜೆ ಪೆಟ್ಟಿನ ಮೇಲೇ ಬೀಳುತ್ತದೆ.

ಪ್ರಶ್ನೆ: ನಮಸ್ತೆ ಸರ್. ಮದುವೆ ಟ್ರೇಲರ್‌ಗೆ ಅಕ್ಷತೆ ಬೀಳುವ ದೃಶ್ಯವನ್ನು ಹಿಂದಕ್ಕೆ ಓಡಿಸಬೇಕು. ಪ್ರೀಮಿಯರ್‌ನಲ್ಲಿ ಸ್ಪೀಡ್ ಡ್ಯುರೇಷನ್ ತೆರೆದು ರಿವರ್ಸ್ ಸ್ಪೀಡ್ ಟಿಕ್ ಮಾಡಿದ ತಕ್ಷಣ 4ಕೆ ಕ್ಲಿಪ್ ನಿಂತು ನಿಂತು ಓಡುತ್ತದೆ. ನೇರವಾಗಿ ಓಡಿಸುವಾಗ ಏನೂ ತೊಂದರೆ ಇಲ್ಲ. ಕಂಪ್ಯೂಟರ್ ಸಾಲದೇ?

ಉತ್ತರ: ಕಂಪ್ಯೂಟರ್ ಬದಲಿಸುವ ಅಗತ್ಯವಿಲ್ಲ ಮೇಡಂ. ಎಚ್.264, ಎಚ್.265 ಫೈಲ್‌ಗಳಲ್ಲಿ ಪೂರ್ತಿ ಚಿತ್ರ ಇರುವುದು ಎಲ್ಲೋ ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಂದು. ನಡುವಿನ ಫ್ರೇಮ್‌ಗಳಲ್ಲಿ ಬರೆದಿರುವುದು ಬದಲಾವಣೆ ಮಾತ್ರ. ಮುಂದಕ್ಕೆ ಓಡುವಾಗ ಒಂದರಿಂದ ಒಂದು ಬಿಡಿಸಿಕೊಳ್ಳುತ್ತಾ ಹೋಗಬಹುದು. ಹಿಂದಕ್ಕೆ ಬರುವಾಗ ಕೊನೆಯ ಫ್ರೇಮ್ ತೋರಿಸಬೇಕಾದರೂ ಗುಂಪಿನ ಮೊದಲ ಫ್ರೇಮ್‌ನಿಂದ ಬಿಡಿಸಬೇಕು, ಅದಕ್ಕೇ ತಡವರಿಕೆ. ಬೇಕಾದ ತುಂಡನ್ನಷ್ಟೇ ಆರಿಸಿ ರೈಟ್ ಕ್ಲಿಕ್, ರೆಂಡರ್ ಅಂಡ್ ರೀಪ್ಲೇಸ್, ಫಾರ್ಮ್ಯಾಟ್ ಪ್ರೊರೆಸ್ 422. ಅದರಲ್ಲಿ ಪ್ರತಿ ಫ್ರೇಮೂ ಸ್ವತಂತ್ರ, ಆಮೇಲೆ ರಿವರ್ಸ್ ಮಾಡಿದರೆ ಸಲೀಸು. ಫೈಲ್ ದೊಡ್ಡದಾಗುತ್ತದೆ. 1080 ಗಾತ್ರ, 25 ಎಫ್‌ಪಿಎಸ್‌ಗೆ ಸೆಕೆಂಡಿಗೆ 122 ಮೆಗಾಬಿಟ್, ಅಂದರೆ ನಿಮಿಷಕ್ಕೆ ಸುಮಾರು 900 ಎಂಬಿ. 4ಕೆ ಆದರೆ ಅದರ ನಾಲ್ಕು ಪಟ್ಟು ಎಂದುಕೊಳ್ಳಿ. ಹತ್ತು ಸೆಕೆಂಡಿನ ತುಂಡಿಗೆ ಇದು ಹೊರೆಯಲ್ಲ.

ಅಕ್ಷತೆ ರಿವರ್ಸ್‌ಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಧಾರೆಯ ಹೊತ್ತಿಗೆ ವಧೂವರರ ತಲೆಯಿಂದ, ಭುಜದಿಂದ ಹಳದಿ ಕಾಳುಗಳು ಎದ್ದು ಮೇಲೆ ಹೋಗುವುದೇ ಒಂದು ಚೆಂದ. ಆದರೆ ಕಾಳು ಗಾಳಿಯಲ್ಲಿರುವ ತುಂಡನ್ನು ಮಾತ್ರ ಬಳಸಿ. ನೆಲಕ್ಕೆ ಬಿದ್ದು ಪುಟಿಯುವ ಭಾಗ ಸೇರಿದರೆ ಗುಟ್ಟು ಬಯಲಾಗುತ್ತದೆ. ಫ್ರೇಮ್‌ನ ನಾಲ್ಕು ಮೂಲೆಗಳನ್ನೂ ನೋಡಿ. ಹಿಂದೆ ಯಾರಾದರೂ ನಡೆದು ಹೋಗುತ್ತಿದ್ದರೆ ಹಿಮ್ಮುಖ ನಡೆಯುತ್ತಾರೆ, ಧೂಪದ ಹೊಗೆ ಮೇಲಿಂದ ಇಳಿದು ಬರುತ್ತದೆ. ದೀಪದ ಜ್ವಾಲೆ ಮಾತ್ರ ತೊಂದರೆ ಕೊಡುವುದಿಲ್ಲ. ಧ್ವನಿಯನ್ನು ಕಂಟ್ರೋಲ್ ಮತ್ತು ಎಲ್ ಒತ್ತಿ ಬೇರ್ಪಡಿಸಿ ಹಾಗೇ ಬಿಡಿ, ಗಟ್ಟಿಮೇಳ ಹಿಂದುಮುಂದಾದರೆ ಕೇಳಲಾಗುವುದಿಲ್ಲ.

ಮರುಪ್ರಶ್ನೆ: ಆ ದೃಶ್ಯವನ್ನು ಮೂರು ತುಂಡು ಮಾಡಿದ್ದೇನೆ. ಮೂರನ್ನೂ ಆರಿಸಿ ರಿವರ್ಸ್ ಕೊಟ್ಟರೆ ಕ್ರಮ ತಪ್ಪುತ್ತದೆ.

ಉತ್ತರ: ಪ್ರತಿ ತುಂಡೂ ತನ್ನ ಜಾಗದಲ್ಲೇ ತಿರುಗುತ್ತದೆ, ತುಂಡುಗಳ ಸಾಲು ತಿರುಗುವುದಿಲ್ಲ. ಮೂರನ್ನೂ ಸೇರಿಸಿ ನೆಸ್ಟ್ ಮಾಡಿ, ಅಂದರೆ ಒಂದೇ ಕ್ಲಿಪ್‌ನಂತೆ ಕಟ್ಟಿಕೊಳ್ಳಿ, ಆ ನೆಸ್ಟ್‌ಗೆ ರಿವರ್ಸ್ ಕೊಡಿ. ರಿಸಾಲ್ವ್‌ನಲ್ಲಾದರೆ ನ್ಯೂ ಕಾಂಪೌಂಡ್ ಕ್ಲಿಪ್. ಹಾಗೆಯೇ ಅಕ್ಷತೆ ಮೇಲೇರಿ ಮತ್ತೆ ಬೀಳುವಂತೆ ರಿವರ್ಸ್ ತುಂಡಿನ ಪಕ್ಕ ಅದೇ ತುಂಡನ್ನು ನೇರವಾಗಿ ಇಟ್ಟರೆ, ತಿರುಗುವ ಜಾಗದಲ್ಲಿ ಒಂದೇ ಫ್ರೇಮ್ ಎರಡು ಸಲ ಬಂದು ಕಣ್ಣಿಗೆ ತಡೆಯುತ್ತದೆ. ಎರಡನೆಯ ತುಂಡಿನ ಮೊದಲ ಫ್ರೇಮ್ ಒಂದನ್ನು ಕತ್ತರಿಸಿ.

ಪ್ರಶ್ನೆ: ಪ್ರೀಮಿಯರ್‌ನಲ್ಲಿ ಸ್ಲೋ ಮಾಡಿದ ಕ್ಲಿಪ್‌ಗೆ ಅಲುಗಾಟ ತಗ್ಗಿಸುವ ವಾರ್ಪ್ ಸ್ಟೆಬಿಲೈಜರ್ ಹಾಕಿದರೆ ಕೆಂಪು ಪಟ್ಟಿ ಬಂದು ಆಗುವುದಿಲ್ಲ ಎನ್ನುತ್ತದೆ.

ಉತ್ತರ: ಒಂದೇ ಕ್ಲಿಪ್ ಮೇಲೆ ಅವೆರಡೂ ನಿಲ್ಲುವುದಿಲ್ಲ. ಸ್ಪೀಡನ್ನು 100%ಗೆ ತಂದು, ಸ್ಟೆಬಿಲೈಜರ್ ಹಾಕಿ, ವಿಶ್ಲೇಷಣೆ ಮುಗಿದ ಮೇಲೆ ನೆಸ್ಟ್ ಮಾಡಿ. ಸ್ಪೀಡ್ ನೆಸ್ಟ್‌ಗೆ ಕೊಡಿ. 60ರ ಕ್ಲಿಪ್ ಆಗಿದ್ದರೆ ನೆಸ್ಟ್ ಸೀಕ್ವೆನ್ಸ್‌ನ ಫ್ರೇಮ್ ರೇಟೂ 60 ಇರಬೇಕು. 25ರ ನೆಸ್ಟ್ ಒಳಗೆ ಹೋದ ಕೂಡಲೇ ಸೆಕೆಂಡಿಗೆ 35 ಫ್ರೇಮ್ ಕಳೆದುಹೋಗುತ್ತವೆ, ಸ್ಲೋ ಮಾಡಲು ಏನೂ ಉಳಿಯುವುದಿಲ್ಲ.

ಪ್ರಶ್ನೆ: ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್‌ನ ರಿವರ್ಸ್ ಫಿಲ್ಟರ್‌ನಲ್ಲಿ ಐದು ನಿಮಿಷದ ವಿಡಿಯೊ ಕೊಟ್ಟೆ, ಲ್ಯಾಪ್‌ಟಾಪ್ ಸ್ತಬ್ಧವಾಯಿತು. ರ‍್ಯಾಮ್ 8 ಜಿಬಿ.

ಉತ್ತರ: ಆ ಫಿಲ್ಟರ್ ಇಡೀ ಕ್ಲಿಪ್ ಅನ್ನು ಬಿಡಿಸಿ ಮೆಮೊರಿಯಲ್ಲಿ ಇಟ್ಟುಕೊಂಡ ಮೇಲೇ ತಿರುಗಿಸುವುದು. 1080 ಗಾತ್ರದ ಒಂದು 8 ಬಿಟ್ ಫ್ರೇಮ್ ಬಿಡಿಸಿದಾಗ ಸುಮಾರು 3.1 ಎಂಬಿ. 25ರ ವೇಗದಲ್ಲಿ ನಿಮಿಷಕ್ಕೆ 4.6 ಜಿಬಿ ದಾಟುತ್ತದೆ, ಐದು ನಿಮಿಷಕ್ಕೆ 23 ಜಿಬಿ. ಇಪ್ಪತ್ತು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೇ ತಿರುಗಿಸಿ, ಜೋಡಿಸುವಾಗ ಕೊನೆಯ ತುಂಡು ಮೊದಲು ಬರಲಿ. ಧ್ವನಿಯೂ ತಿರುಗಬೇಕಿದ್ದರೆ ಎರಿವರ್ಸ್ (areverse) ಎಂಬ ಬೇರೆ ಫಿಲ್ಟರ್ ಇದೆ, ಬರೀ ರಿವರ್ಸ್ ಕೊಟ್ಟರೆ ಚಿತ್ರ ಮಾತ್ರ ತಿರುಗುತ್ತದೆ.