[ಪದಚರ್ಚೆ] ತುಪ್ಪಳದ ರೋಬೋ: ಬೋರ್ಡಿಗೆ ಪದ ಬೇಕು, ನಾಳೆ ಸಂಜೆಯೊಳಗೆ

ಸರಸ್ವತಿಪುರಂನಿಂದ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ವೃದ್ಧಾಶ್ರಮಕ್ಕೆ ಗೋಡೆಯ ಬೋರ್ಡು, ಜೊತೆಗೆ ಆಯಾಗಳಿಗೆ ಎರಡು ಪುಟದ ಕೈಪಿಡಿ ಕನ್ನಡಕ್ಕೆ ಆಗಬೇಕು. ವಸ್ತು ಜಪಾನಿನ ಪಾರೊ ಎಂಬ ರೋಬೋ. ಸೀಲ್ ಎಂಬ ಕಡಲ ಪ್ರಾಣಿಯ ಮರಿಯ ಆಕಾರ, ಮೈತುಂಬ ಬಿಳಿ ತುಪ್ಪಳ, ಎರಡೂವರೆ ಕಿಲೋ ಆಸುಪಾಸು ತೂಕ. ತೊಡೆಯ ಮೇಲಿಟ್ಟು ಸವರಿದರೆ ಕಣ್ಣು ಮುಚ್ಚಿ ತೆರೆದು ಕುಂಯ್‌ಗುಡುತ್ತದೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ವೈದ್ಯಕೀಯ ಸಾಧನದ ಪಟ್ಟಿಗೆ ಸೇರಿಸಿತು, ಹಾಗಾಗಿ ‘ಆಟಿಕೆ’ ಬೇಡ. ಆಟಿಕೆ ಎಂದು ಬರೆದರೆ ಹಿರಿಯರು ಕೈಗೆತ್ತಿಕೊಳ್ಳಲು ಸಂಕೋಚಪಡುತ್ತಾರೆ, ನೋಡಲು ಬಂದ ಮೊಮ್ಮಕ್ಕಳು ಕಿತ್ತಾಡುತ್ತಾರೆ. ‘ಸಾಕುಪ್ರಾಣಿ’ಯೂ ಬೇಡ. ಹಾಲು ಬಿಸ್ಕತ್ತು ತಿನ್ನಿಸಲು ಹೋಗುತ್ತಾರೆ, ಬಾಯಿ ಇರುವುದು ಚಾರ್ಜರ್ ಸಿಕ್ಕಿಸಲು.

ಬೇಕಾದ ಪದ ಮೂರು. ಈ ಜಾತಿಯ ರೋಬೋಗಳಿಗೆ ಒಟ್ಟು ಹೆಸರು, ಸೀಲ್, ಮತ್ತು ಸೋಶಿಯಲ್ ಐಸೊಲೇಷನ್. ಇನ್ನೊಂದು ಸಣ್ಣದು: ಚಾರ್ಜರ್ ಮಕ್ಕಳು ಚೀಪುವ ನಿಪ್ಪಲ್ ಆಕಾರದಲ್ಲಿದೆ. ಅದರ ಇಂಗ್ಲಿಷ್ ಹೆಸರು ‘ಪ್ಯಾಸಿಫೈಯರ್’ ಅನ್ನು ಕಂಪ್ಯೂಟರ್ ಅನುವಾದ ‘ಉಪಶಾಮಕ’ ಮಾಡಿಟ್ಟಿದೆ. ಓದಿದ ಆಯಾ ಮುಲಾಮು ಹುಡುಕಿಯಾಳು.

ಮಂಡ್ಯದಿಂದ

ಕೀಲುಗೊಂಬೆ. ಕೀಲುಕುದುರೆ ಕುಣಿತ ಇರುವ ನಾಡಿನಲ್ಲಿ ಹೊಸ ಪದ ಯಾಕೆ ಹುಡುಕಬೇಕು? ಮೈಮೇಲಿನದ್ದು ಬೇಕೇ ಬೇಕು ಅಂದರೆ ತುಪ್ಪುಳುಗೊಂಬೆ. ರೋಬೋ ಅನ್ನೋದು 1920ರ ಒಂದು ಚೆಕ್ ನಾಟಕದಿಂದ ಬಂದ ಪದ, ಅದರ ಬೇರಿನಲ್ಲಿರೋದು ಬಿಟ್ಟಿ ಚಾಕರಿ. ಅಜ್ಜಿಯ ತೊಡೆ ಮೇಲೆ ಕೂರೋದಕ್ಕೆ ಜೀತದ ಹೆಸರು ಇಡ್ತೀರಾ?

ಕುವೆಂಪುನಗರದಿಂದ

ಕೀಲ ಸಂಸ್ಕೃತ. ಅಚ್ಚಗನ್ನಡ ಎಂದು ಹೊರಟವರು ಮೊದಲ ಹೆಜ್ಜೆಯಲ್ಲೇ ಎಡವಿದ್ದಾರೆ. ‘ಯಂತ್ರಗೊಂಬೆ’ ಎಂದು ಯಾರಾದರೂ ಬರೆಯುವ ಮುಂಚೆಯೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡವನ್ನಾಗಲಿ ತದ್ಭವವನ್ನಾಗಲಿ ಬೆಸೆದ ದೋಷ. ಗೊಂಬೆಯ ಮೂಲರೂಪ ಬೊಂಬೆ, ಅದು ಬಿಂಬದಿಂದ ಬಂದದ್ದು. ಸರಿಯಾದ ಪದ ‘ಚಲಪುತ್ಥಳಿ’.

ಮಂಡ್ಯದಿಂದ

> ಅದು ಬಿಂಬದಿಂದ ಬಂದದ್ದು

ತಮಿಳಿನಲ್ಲಿ ಬೊಮ್ಮೈ, ತೆಲುಗಿನಲ್ಲಿ ಬೊಮ್ಮ. ಬಿಂಬದ ಇಕಾರ ಒಕಾರ ಆಗಿದ್ದಕ್ಕೆ ಇನ್ನೊಂದು ಪದ ತೋರಿಸಿ, ಆಮೇಲೆ ಮಾತಾಡೋಣ. ಪುತ್ಥಳಿ ಅನ್ನೋದು ಸರ್ಕಲ್ಲಿನಲ್ಲಿ ನಿಂತು ಜಯಂತಿಗೆ ಹಾರ ಹಾಕಿಸಿಕೊಳ್ಳುತ್ತೆ. ಅದನ್ನ ಯಾರು ತಬ್ಬಿಕೊಳ್ತಾರೆ ಸ್ವಾಮಿ?

ಶ್ರೀರಂಗಪಟ್ಟಣದಿಂದ

ಸೀಲ್ ಬಗ್ಗೆ ಮಾತ್ರ. ಕೆಲವು ಅನುವಾದಗಳಲ್ಲಿ ‘ನೀರುನಾಯಿ’ ಎಂದು ಹಾಕಿಬಿಡುತ್ತಾರೆ. ದಯವಿಟ್ಟು ಹಾಕಬೇಡಿ. ನೀರುನಾಯಿ ನಮ್ಮ ಕಾವೇರಿಯಲ್ಲೇ ಇದೆ, ರಂಗನತಿಟ್ಟಿನ ಬಂಡೆಗಳ ಮೇಲೆ ಗುಂಪುಗುಂಪಾಗಿ ಕಾಣಿಸುತ್ತದೆ, ಮೀನು ಹಿಡಿಯುವವರ ಬಲೆ ಹರಿಯುವ ಪ್ರಾಣಿ. ಆಶ್ರಮದಲ್ಲಿ ಹೊಳೆ ಬದಿಯ ಊರಿನವರು ಒಬ್ಬರಿದ್ದರೂ ‘ಇದು ನೀರುನಾಯಿ ಅಲ್ಲ’ ಎಂದು ಬೋರ್ಡಿನ ಮುಂದೆಯೇ ಹೇಳುತ್ತಾರೆ. ‘ಕಡಲನಾಯಿ’ ಪುಸ್ತಕದಲ್ಲಿದೆ, ಆದರೆ ನಾಯಿ ಎಂದರೆ ಬೊಗಳಬೇಕು, ಬಾಲ ಅಲ್ಲಾಡಿಸಬೇಕು. ಸೀಲ್ ಆಕಾರವನ್ನು ಆರಿಸಿದ್ದೇ ಆ ಹೋಲಿಕೆ ತಪ್ಪಿಸಲು. ಬೆಕ್ಕು ನಾಯಿಯನ್ನು ಎಲ್ಲರೂ ಸಾಕಿ ಬಲ್ಲರು, ಯಂತ್ರದ ಬೆಕ್ಕು ಒಂದು ಚೂರು ಬೇರೆ ಥರ ಆಡಿದರೂ ಸುಳ್ಳು ಗೊತ್ತಾಗುತ್ತದೆ. ಮರಿ ಸೀಲನ್ನು ಹತ್ತಿರದಿಂದ ಕಂಡವರು ಕಡಿಮೆ. ‘ಸೀಲ್ ಮರಿ’ ಎಂದೇ ಇರಲಿ.

ಗೋಕುಲಂನಿಂದ

ಮೇಡಂ, ಮೂರನೆಯದೇ ನಿಮಗೆ ಕಷ್ಟ ಕೊಡುವ ಪದ, ಇವರೆಲ್ಲ ಅದನ್ನು ಬಿಟ್ಟು ಗೊಂಬೆಯ ಬುಡ ಅಗೆಯುತ್ತಿದ್ದಾರೆ. ‘ಒಂಟಿತನ’ ಮನಸ್ಸಿನದು. ಮನೆ ತುಂಬ ಜನ ಇದ್ದವರಿಗೂ ಇರುತ್ತದೆ. ಐಸೊಲೇಷನ್ ಎಣಿಸಿ ನೋಡುವಂಥದ್ದು: ತಿಂಗಳಿಗೆ ಎಷ್ಟು ಬಂಧುಗಳನ್ನು ಕಾಣುತ್ತೀರಿ, ಕಷ್ಟಕ್ಕೆ ಕರೆಯಬಹುದಾದ ಗೆಳೆಯರು ಎಷ್ಟು. ಹಿರಿಯರ ಒಡನಾಟ ಅಳೆಯುವ ಲುಬ್ಬೆನ್ ಮಾಪಕದ ಚಿಕ್ಕ ರೂಪದಲ್ಲಿ ಇಂಥ ಪ್ರಶ್ನೆ ಆರು, ಅಂಕ 0ಯಿಂದ 30, 12ಕ್ಕಿಂತ ಕಡಿಮೆ ಬಂದರೆ ಎಚ್ಚರಿಕೆ. ಒಂಟಿತನಕ್ಕೆ ಬೇರೆಯೇ ಪ್ರಶ್ನಾವಳಿಗಳಿವೆ. ಬ್ರಿಟನ್ 2018ರಲ್ಲಿ ಸಚಿವರನ್ನು ನೇಮಿಸಿದ್ದು ಒಂಟಿತನದ ಹೊಣೆಗೆ, ಜಪಾನ್ 2021ರಲ್ಲಿ ಸಚಿವರ ಹುದ್ದೆಯ ಹೆಸರಿನಲ್ಲೇ ಎರಡನ್ನೂ ಬೇರೆ ಬೇರೆ ಹೇಳಿತು. ಕೈಪಿಡಿಯಲ್ಲಿ ಎರಡಕ್ಕೂ ‘ಏಕಾಂಗಿತನ’ ಎಂದರೆ ಆಯಾ ಗೊಂಬೆ ಕೊಟ್ಟು ಕೆಲಸ ಮುಗಿಯಿತು ಎಂದುಕೊಳ್ಳುತ್ತಾಳೆ. ಗೊಂಬೆ ಒಂಟಿತನವನ್ನು ಒಂದಿಷ್ಟು ತಗ್ಗಿಸಬಹುದು. ನೋಡಲು ಬರುವವರ ಲೆಕ್ಕ ಅದರಿಂದ ಏರುವುದಿಲ್ಲ. ‘ಒಡನಾಟದ ಕೊರತೆ’ ಎಂದು ಬರೆಯಿರಿ. ‘ಏಕಾಂತ’ ಎಲ್ಲೂ ಬಾರದಂತೆ ನೋಡಿಕೊಳ್ಳಿ, ಅದು ಬೇಕೆಂದು ಹುಡುಕಿಕೊಂಡು ಹೋಗುವಂಥದ್ದು.

ಮೊದಲನೆಯದಕ್ಕೆ ‘ಸಂಗಾತಿ’ ಖಂಡಿತ ಬೇಡ, ಹಾಲ್ ತುಂಬ ನಗು ಏಳುತ್ತದೆ. ‘ಒಡನಾಡಿ’ ಚೆನ್ನಾಗಿದೆ, ಆದರೆ ಮೈಸೂರಿನಲ್ಲಿ ಅದು ಹೆಸರಾದ ಸೇವಾ ಸಂಸ್ಥೆ, ಬೋರ್ಡಿನಲ್ಲಿ ಕಂಡರೆ ಅವರ ಶಾಖೆ ಅನ್ನಿಸುತ್ತದೆ. ‘ತಬ್ಬುಗೊಂಬೆ’ ಆಗಬಹುದೇ? ಜಪಾನಿನದೇ ಕೂಬೊ ಎಂಬುದಕ್ಕೆ ತಲೆಯೂ ಇಲ್ಲ, ಕಾಲೂ ಇಲ್ಲ, ಬಾಲ ಅಲ್ಲಾಡಿಸುವ ದಿಂಬು ಅಷ್ಟೇ. ಅದಕ್ಕೂ ಒಪ್ಪುವ ಹೆಸರು ಇದು.

ಸರಸ್ವತಿಪುರಂನಿಂದ

ಒಡನಾಟದ ಕೊರತೆ, ಸೀಲ್ ಮರಿ: ಎರಡೂ ಬರೆದುಕೊಂಡೆ. ಮೊದಲನೆಯದಕ್ಕೆ ‘ಜೊತೆಗೊಂಬೆ’ ಹೇಗೆ?

ಶ್ರೀರಂಗಪಟ್ಟಣದಿಂದ

ಜೊತೆ ಗೊಂಬೆ ಅಂದರೆ ಎರಡು ಗೊಂಬೆ. ದಸರೆಗೆ ಮೊದಲು ಕೂರಿಸುವ ಪಟ್ಟದ ಗೊಂಬೆ ರಾಜ ರಾಣಿಯ ಜೊತೆಯೇ ಅಲ್ಲವೆ? ‘ಇನ್ನೊಂದು ಎಲ್ಲಿ?’ ಅಂತಾರೆ.

ಆದರೆ ‘ಗೊಂಬೆ’ಯನ್ನು ಮಾತ್ರ ಬಿಡಬೇಡಿ. ಅರಮನೆಯಲ್ಲೇ ಗೊಂಬೆತೊಟ್ಟಿ ಇರುವ ಊರು ಇದು. ಇಲ್ಲಿ ಗೊಂಬೆ ಕೂರಿಸುವವರು ದೊಡ್ಡವರು, ಹಿರಿಯರಿಗೆ ಆ ಪದದಿಂದ ಅವಮಾನವಿಲ್ಲ. ತೊಡಕು ಬೇರೆ ಕಡೆ ಇದೆ. ಕೂರಿಸಿದ ಗೊಂಬೆಯನ್ನು ಮುಟ್ಟಬಾರದು ಎಂದು ಬೆಳೆದವರು ಇದನ್ನೂ ದೂರದಿಂದ ನೋಡಿ ಕೈಮುಗಿದಾರು. ಬೋರ್ಡಿನ ಮೊದಲ ಸಾಲು ‘ಮುಟ್ಟಬಹುದು’ ಎಂದಿರಲಿ.

ಕುವೆಂಪುನಗರದಿಂದ

‘ರೋಬೋ ಗೊಂಬೆ’ಯತ್ತ ಹೊರಟಂತಿದೆ. ಇದೂ ಅರಿಯೇ.

ಮಂಡ್ಯದಿಂದ

ಸಾಕುಪ್ರಾಣಿಯನ್ನು ಶಾಲೆ ಪುಸ್ತಕದಲ್ಲೇ ಕಲಿಸಿದಾರಲ್ಲ, ಅದು?

ಕುವೆಂಪುನಗರದಿಂದ

ಹುರಿಗಡಲೆ, ಸುಡುಗಾಡಿನ ಹಾಗೆ ಅದು ಗಮಕ, ಅಂದರೆ ಕ್ರಿಯೆಯಿಂದಾದ ಪದ ಮೊದಲು ಬಂದ ಸಮಾಸ. ಗಮಕಕ್ಕೂ ಕ್ರಿಯಾಸಮಾಸಕ್ಕೂ ಅರಿದೋಷ ಹತ್ತುವುದಿಲ್ಲ. ಓದಿಕೊಂಡು ಬನ್ನಿ.

ಮಂಡ್ಯದಿಂದ

ಹಂಗಾದರೆ ನಿಮ್ಮ ಊರಿನ ಜಂಬೂಸವಾರಿ? ಸವಾರಿ ಪಾರಸಿ. ವಿಜಯದಶಮಿಯ ದಿನ ಬಲರಾಮ ದ್ವಾರದಲ್ಲಿ ನಿಂತು ‘ಇದು ಅರಿಸಮಾಸ, ಆನೆ ವಾಪಸ್ ಕಟ್ಟಿ’ ಅನ್ನಿ, ನೋಡೋಣ. ಪಾರಸಿ ಬೆರೆತರೆ ಪರಂಪರೆ, ಚೆಕ್ ಬೆರೆತರೆ ದೋಷವಾ?

ಕುವೆಂಪುನಗರದಿಂದ

ನಿನ್ನೆ ಜೀತದ ಪದ ಎಂದು ರೋಬೋವನ್ನು ತಳ್ಳಿದವರು ನೀವೇ. ನಿಲುವು ಒಂದಿರಲಿ.

ಗೋಕುಲಂನಿಂದ

ಎರವಲಿನ ಜಗಳಕ್ಕೆ ಬೇರೆ ಎಳೆ ತೆಗೆಯಿರಿ, ಅವರಿಗೆ ಬೋರ್ಡು ಮಾಡುವ ಅಂಗಡಿಗೆ ಹೋಗುವ ಹೊತ್ತಾಯಿತು. ಮೇಡಂ, ‘ರೋಬೋ’ ಇರಲಿ. ಮರೆವಿನ ಕಾಯಿಲೆ ಇರುವವರು ಅದನ್ನು ಜೀವವುಳ್ಳ ಮರಿ ಎಂದೇ ನಂಬುವುದುಂಟು. ಬೋರ್ಡಿನಲ್ಲಿ ಸತ್ಯ ಇದ್ದರೆ ‘ನಮ್ಮಮ್ಮನಿಗೆ ಸುಳ್ಳು ಹೇಳಿದಿರಿ’ ಎಂದು ಮನೆಯವರು ಕೇಳುವಂತಿಲ್ಲ.

ಕೈಪಿಡಿಯಲ್ಲಿ ಒರೆಸುವ ಕ್ರಮ ಬಿಡಿಸಿ ಬರೆಯಿರಿ. ತುಪ್ಪಳ ಬಿಚ್ಚಿ ಒಗೆಯುವಂತಿಲ್ಲ. ಮೊದಲು ಸ್ವಿಚ್ ಆಫ್. ಹಿಂಡಿದ ಬಟ್ಟೆಯಿಂದ ಕೂದಲು ಮಲಗಿರುವ ದಿಕ್ಕಿಗೇ ಒರೆಸಬೇಕು, ಎದುರು ದಿಕ್ಕಿಗೆ ಉಜ್ಜಿದರೆ ತೇವ ಬುಡಕ್ಕಿಳಿದು ವಾಸನೆ ಹಿಡಿಯುತ್ತದೆ. ನೆರಳಲ್ಲಿ ಒಣಗಿಸಿ, ಬ್ರಷ್ ಮಾಡಿ, ಪೂರ್ತಿ ಒಣಗಿದ ಮೇಲೆ ಚಾರ್ಜಿಗೆ. ಗಾಯ, ಚರ್ಮದ ಸೋಂಕು ಇರುವವರ ಕೈಗೆ ಕೊಡಬಾರದು. ‘ಸ್ವಚ್ಛಗೊಳಿಸಿ’ ಎಂದಷ್ಟೇ ಬರೆದರೆ ನಲ್ಲಿಯ ಕೆಳಗೆ ಹಿಡಿಯುತ್ತಾರೆ.

ಸರಸ್ವತಿಪುರಂನಿಂದ

ಬೋರ್ಡಿಗೆ ಇದನ್ನು ಕೊಡುತ್ತಿದ್ದೇನೆ, ಅಳತೆ ಮೂರಡಿಗೆ ಎರಡಡಿ:

ರೋಬೋ ಗೊಂಬೆ (ಸೀಲ್ ಮರಿ)
ಮುಟ್ಟಬಹುದು, ತಬ್ಬಿಕೊಳ್ಳಬಹುದು
ತಿನ್ನಿಸಬೇಡಿ, ಕುಡಿಸಬೇಡಿ
ಬಾಯಿಗೆ ಚಾರ್ಜರ್ ಬಿಟ್ಟು ಬೇರೇನೂ ಹಾಕಬೇಡಿ
ಒಬ್ಬರಿಂದ ಇನ್ನೊಬ್ಬರಿಗೆ ಕೊಡುವ ಮುಂಚೆ ಒರೆಸಿ

ಕೈಪಿಡಿಯಲ್ಲಿ ಒಟ್ಟು ಹೆಸರಾಗಿ ‘ತಬ್ಬುಗೊಂಬೆ’, ಚಾರ್ಜರಿಗೆ ‘ನಿಪ್ಪಲ್ ಆಕಾರದ ಚಾರ್ಜರ್’.

ಶ್ರೀರಂಗಪಟ್ಟಣದಿಂದ

ಯೂನಿಕೋಡ್ ಅಕ್ಷರ ಹಾಗೇ ಕಳಿಸಬೇಡಿ. ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೇ ಫಾಂಟ್ ಇದ್ದರೆ ‘ಚಾರ್ಜರ್’ನ ಅರ್ಕಾವೊತ್ತು ಎಲ್ಲೋ ಹೋಗಿ ಕೂರುತ್ತದೆ. ಪಿಡಿಎಫ್ ಮಾಡಿ ಕೊಡಿ. ಸಾಲಿನ ನಡುವೆ ಜಾಗ ಬಿಡಿಸಿ, ಇಲ್ಲದಿದ್ದರೆ ‘ಮುಟ್ಟ’ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗುಲುತ್ತದೆ.

ಕುವೆಂಪುನಗರದಿಂದ

‘ತಬ್ಬುಗೊಂಬೆ’ ಗಮಕ. ಆಕ್ಷೇಪವಿಲ್ಲ. ಬೋರ್ಡಿನಲ್ಲೂ ಅದನ್ನೇ ಹಾಕಬಹುದಿತ್ತು.

ಮಂಡ್ಯದಿಂದ

ತುಪ್ಪುಳು ಎಲ್ಲೂ ಬರಲೇ ಇಲ್ಲ.