ವಿಯೆನ್ನಾದ ಹೋಟೆಲಿನಲ್ಲಿ ರಕ್ತಪಿಶಾಚಿಗಳಿಗೆ ಜಾಗ ಕೊಡಬಹುದೇ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ನಾನು: ಎಲ್ಲರಿಗೂ ನಮಸ್ಕಾರ. ವಿಯೆನ್ನಾದಲ್ಲಿ ಓದುತ್ತಿರುವ ನಮ್ಮ ತಂಗಿ ಬರೆಯುತ್ತಿರುವ ಕಾದಂಬರಿಯ ಮೊದಲ ಎರಡು ಅಧ್ಯಾಯಗಳ ಪಿಡಿಎಫ್ ಅನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಹಾಕಿದ್ದೇನೆ. ಆ ನಗರದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ವಿಧವೆಯೊಬ್ಬಳು ಒಂದು ಚಿಕ್ಕ ಹೋಟೆಲು ನಡೆಸುತ್ತಾಳೆ. ಬೆಚ್ಚನೆಯ ಕೋಣೆಗಳು, ದಪ್ಪ ಪರದೆಗಳು, ಕತ್ತಲಾದ ಮೇಲೆ ಬರುವ ಅತಿಥಿಗಳು. ಆ ಅತಿಥಿಗಳು ವ್ಯಾಂಪೈರ್‌ಗಳು, ಅಂದರೆ ರಕ್ತಪಿಶಾಚಿಗಳು. ಹೋಗಲು ಬೇರೆ ಜಾಗವಿಲ್ಲದ ಅವರಿಗೆ ಅವಳು ಆಶ್ರಯ ಕೊಟ್ಟಿದ್ದಾಳೆ. ದಯವಿಟ್ಟು ಪೂರ್ತಿ ಓದಿ ಅಭಿಪ್ರಾಯ ತಿಳಿಸಿ.

ದೊಡ್ಡಪ್ಪ: ಎರಡೂ ಅಧ್ಯಾಯಗಳನ್ನು ಓದಿದೆ. ಮಗು ಚೆನ್ನಾಗಿ ಬರೆಯುತ್ತಾಳೆ, ಅದು ನನಗೆ ಸಂತೋಷದ ವಿಷಯ. ಆದರೆ ವಸ್ತುವಿನ ಬಗ್ಗೆ ನನಗಿರುವ ಆಕ್ಷೇಪಣೆಯನ್ನು ಮುಚ್ಚಿಡಲಾರೆ. ರಕ್ತಪಿಶಾಚಿಯ ಕಥೆಗೆ ಭಯವೇ ಜೀವ. ಹೂಳಿದ ಹೆಣ ಎದ್ದು ಬಂದು ಬದುಕಿರುವವರ ನೆತ್ತರು ಹೀರುತ್ತದೆ ಎಂಬ ಕಲ್ಪನೆಯಲ್ಲಿರುವ ನಡುಕವನ್ನೆಲ್ಲ ತೆಗೆದುಹಾಕಿ, ಅದಕ್ಕೆ ಉಣ್ಣೆಯ ಹೊದಿಕೆ ಹೊದಿಸಿ, ಹೆಸರು ಹಿಡಿದು ಮಾತನಾಡಿಸಿ, ಒಲೆಯ ಪಕ್ಕದಲ್ಲಿ ಕೂರಿಸಿದರೆ ಕಥೆಯಲ್ಲಿ ಉಳಿಯುವುದಾದರೂ ಏನು? ಅವರ ಕೈಯಲ್ಲಿ ಸತ್ತವರ ಬಗ್ಗೆ ಎರಡು ಅಧ್ಯಾಯಗಳಲ್ಲಿ ಒಂದು ಸಾಲೂ ಇಲ್ಲ. ಕೊಂದವರಿಗೆ ಕೋಣೆ ಕೊಟ್ಟು, ಕೊಲೆಯಾದವರನ್ನು ಮರೆತುಬಿಡುವುದು ಕರುಣೆ ಆಗಲಾರದು.

ಭಾವ: ಮಾವನವರ ಮಾತಿಗೆ ನನ್ನ ಸಹಮತವಿದೆ. ಇನ್ನೊಂದು ವಿಷಯವೆಂದರೆ, ಇಂತಹ ಕಥೆಗಳಿಗೆ ಪಾಳುಬಿದ್ದ ಕೋಟೆ, ನೆಲಮಾಳಿಗೆ, ಸಮಾಧಿ ಒಪ್ಪುತ್ತವೆ. ಪೇಟೆಯ ನಡುವಿನ ಹೋಟೆಲು ಈ ಕಾಲದ ಓದುಗರನ್ನು ಸೆಳೆಯಲು ತಂದಿಟ್ಟ ಅಲಂಕಾರದಂತೆ ಕಾಣುತ್ತದೆ.

ನಾನು: ಭಾವ, ಹೋಟೆಲು ಈ ಕಥೆಗಳಲ್ಲಿ ಮೊದಲಿನಿಂದಲೂ ಇದೆ. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ 'ಡ್ರಾಕುಲಾ' ಕಾದಂಬರಿಯಲ್ಲಿ ಜೊನಾಥನ್ ಹಾರ್ಕರ್ ಎಂಬ ಯುವ ವಕೀಲ ರಕ್ತಪಿಶಾಚಿ ಡ್ರಾಕುಲಾನ ಕೋಟೆಯನ್ನು ಮುಟ್ಟುವುದಕ್ಕೆ ಮುಂಚೆ ಬಿಸ್ಟ್ರಿಟ್ಜ್ ಊರಿನ ಗೋಲ್ಡನ್ ಕ್ರೋನ್ ಎಂಬ ಹೋಟೆಲಿನಲ್ಲಿ ಇಳಿದುಕೊಳ್ಳುತ್ತಾನೆ. ಅಲ್ಲೇ ಇಳಿಯಬೇಕೆಂದು ಸೂಚಿಸಿದವನು ಡ್ರಾಕುಲಾ. ಮುಂದಿನ ಗಾಡಿಯಲ್ಲಿ ಒಳ್ಳೆಯ ಜಾಗ ಹಿಡಿದಿಡುವಂತೆ ಮಾಲೀಕನಿಗೆ ಕಾಗದ ಬರೆದವನೂ ಅವನೇ. ಹೋಗಬೇಡವೆಂದು ಮೊಣಕಾಲೂರಿ ಬೇಡಿಕೊಂಡು, ಕೊನೆಗೆ ತನ್ನ ಕೊರಳಿನ ಶಿಲುಬೆಯನ್ನು ಬಿಚ್ಚಿ ಅತಿಥಿಗೆ ಕೊಟ್ಟವಳು ಮಾಲೀಕನ ಹೆಂಡತಿ. ಒಂದೇ ಸೂರಿನ ಕೆಳಗೆ ಗಂಡ ಪಿಶಾಚಿ ಹೇಳಿದ ಕೆಲಸ ಮಾಡುತ್ತಾನೆ, ಹೆಂಡತಿ ಅತಿಥಿಯ ಪ್ರಾಣ ಉಳಿಸಲು ಒದ್ದಾಡುತ್ತಾಳೆ. ಸ್ಟೋಕರ್ ತೀರಿಕೊಂಡ ಮೇಲೆ 1914ರಲ್ಲಿ ಅಚ್ಚಾದ ಸಣ್ಣಕಥೆಯೊಂದರಲ್ಲಂತೂ ತನ್ನ ಅತಿಥಿಯನ್ನು ಜೋಪಾನ ಮಾಡಬೇಕೆಂದು ಮ್ಯೂನಿಕ್ ನಗರದ ಹೋಟೆಲಿಗೆ ಡ್ರಾಕುಲಾ ತಂತಿ ಕಳುಹಿಸುತ್ತಾನೆ. ಸ್ಟೋಕರ್ ಕಲ್ಪಿಸಿದ ಆ ಗೋಲ್ಡನ್ ಕ್ರೋನ್ ಹೆಸರಿನಲ್ಲೇ 1974ರಲ್ಲಿ ರೊಮೇನಿಯಾದ ಆ ಊರಿನಲ್ಲಿ ನಿಜವಾದ ಹೋಟೆಲೊಂದು ಎದ್ದಿತು.

ನಾನು: ದೊಡ್ಡಪ್ಪ, ನೀವು ಎತ್ತಿದ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು; ಆದ್ದರಿಂದ ಸ್ವಲ್ಪ ದೀರ್ಘವಾಗಿ ಉತ್ತರಿಸುತ್ತೇನೆ. ತಂಗಿ ಅಲ್ಲಿ ಇದ್ದಾಳೆಂಬ ಒಂದೇ ಕಾರಣಕ್ಕೆ ಈ ಕಥೆ ವಿಯೆನ್ನಾದಲ್ಲಿ ನಡೆಯುತ್ತಿಲ್ಲ. 1718ರ ಒಪ್ಪಂದದಿಂದ ಸರ್ಬಿಯಾದ ಉತ್ತರ ಭಾಗ ಆಸ್ಟ್ರಿಯಾದ ಕೈಸೇರಿತು, ಮತ್ತು ಅಲ್ಲಿನ ಹಳ್ಳಿಗಳಿಗೆ ಹೋದ ಅಧಿಕಾರಿಗಳು ತಾವು ಕಂಡದ್ದನ್ನು ಬರೆದು ಮೇಲಕ್ಕೆ ಕಳುಹಿಸತೊಡಗಿದರು. 1725ರಲ್ಲಿ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೀಟರ್ ಪ್ಲೊಗೊಯೊವಿಟ್ಜ್ ಎಂಬುವನು ತೀರಿಕೊಂಡ ಕೆಲವು ವಾರಗಳಲ್ಲಿ ಸಾಲಾಗಿ ಸಾವುಗಳಾದವು. ಅವನ ಹೆಣವನ್ನು ಅಗೆದು ತೆಗೆಯಲು ಬಿಡದಿದ್ದರೆ ಊರನ್ನೇ ಬಿಟ್ಟುಹೋಗುತ್ತೇವೆಂದು ಜನ ಪಟ್ಟು ಹಿಡಿದರು. ಕೊನೆಗೆ ಅವನ ಎದೆಗೆ ಗೂಟ ಹೊಡೆದು, ಹೆಣವನ್ನು ಸುಟ್ಟರು. ಅದನ್ನು ಕಂಡ ಅಧಿಕಾರಿಯ ವರದಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. 1732ರಲ್ಲಿ ಸೇನಾ ವೈದ್ಯ ಫ್ಲೂಕಿಂಗರ್ ಮೆದ್ವೆಜಾ ಎಂಬ ಹಳ್ಳಿಯಿಂದ ಇನ್ನೊಂದು ವರದಿ ತಂದ. ಆ ಊರಿನ ಭಯವೆಲ್ಲ ಶುರುವಾದದ್ದು ಅರ್ನೋಲ್ಡ್ ಪಾವ್ಲೆ ಎಂಬುವನಿಂದ. ಅವನು ಹುಲ್ಲಿನ ಗಾಡಿಯಿಂದ ಬಿದ್ದು ಕತ್ತು ಮುರಿದುಕೊಂಡು ಸತ್ತವನು. ಈ ಎರಡನೆಯ ವರದಿ ಯುರೋಪಿನ ಪತ್ರಿಕೆಗಳಲ್ಲೆಲ್ಲ ಹರಡಿತು. ಅಲ್ಲಿಂದ ಮುಂದಿನ ಕಥೆ, ಕವಿತೆ, ಕಾದಂಬರಿಗಳೆಲ್ಲ ಬೆಳೆದದ್ದು ಇಂಥ ಸರ್ಕಾರಿ ಕಾಗದಗಳ ಮೇಲೆ.

ಅಂದು ಜನ ಗೋರಿಯಲ್ಲಿ ಕಂಡದ್ದೇನು? ಕೊಳೆಯುವ ಹೆಣದಲ್ಲಿ ಅನಿಲ ತುಂಬಿ ಮೈ ಉಬ್ಬುತ್ತದೆ, ಬಾಯಿ ಮೂಗುಗಳಿಂದ ಕೆಂಪು ದ್ರವ ಒಸರುತ್ತದೆ, ಮೇಲಿನ ಚರ್ಮ ಕಳಚಿ ಅಡಿಯ ಪದರ ಹೊಸದರಂತೆ ಕಾಣುತ್ತದೆ, ಗೂಟ ಹೊಡೆದಾಗ ಎದೆಯೊಳಗಿನ ಗಾಳಿ ಗಂಟಲಿನಿಂದ ನುಗ್ಗಿ ನರಳಿದ ಸದ್ದಾಗುತ್ತದೆ. ಇದು ತಿಳಿಯದ ಜನ, ನಿನ್ನೆ ಮೊನ್ನೆಯವರೆಗೆ ತಮ್ಮ ಜೊತೆಯಲ್ಲೇ ಉಂಡವನನ್ನು ಸತ್ತ ಮೇಲೆ ಎರಡನೆಯ ಸಲ ಕೊಂದರು. 1755ರಲ್ಲಿ ಹೆರ್ಮರ್ಸ್‌ಡಾರ್ಫ್ ಎಂಬಲ್ಲಿ ರೋಸಿನಾ ಪೊಲಾಕಿನ್ ಎಂಬ ಹೆಂಗಸಿನ ಹೆಣವನ್ನು ಹೊರತೆಗೆದು ಸುಟ್ಟ ಸುದ್ದಿ ಬಂದಾಗ ರಾಣಿ ಮರಿಯಾ ಥೆರೇಸಾ ವೈದ್ಯರನ್ನು ಕಳುಹಿಸಿ ವಿಚಾರಣೆ ಮಾಡಿಸಿದಳು. ಅವಳ ಆಸ್ಥಾನ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್ ಇದೆಲ್ಲ ಅಜ್ಞಾನ ಮತ್ತು ಭಯದ ಫಲವೆಂದು ವರದಿ ಬರೆದ. ಸರ್ಕಾರಕ್ಕೆ ತಿಳಿಸದೆ, ವೈದ್ಯರು ಪರಿಶೀಲಿಸದೆ, ಪಿಶಾಚಿಯೆಂಬ ಗುಮಾನಿಯ ಮೇಲೆ ಹೆಣಗಳ ಮೇಲೆ ಕೈ ಮಾಡಕೂಡದೆಂದು ಅದೇ ವರ್ಷ ಆಜ್ಞೆ ಹೊರಟಿತು. ಗೂಟ ಹಿಡಿದವರ ಕೈಯನ್ನು ಕಾನೂನಿನ ಮೂಲಕ ತಡೆದ ರಾಜಧಾನಿ ವಿಯೆನ್ನಾ. ಅಂತಹ ನಗರದಲ್ಲಿ ಒಬ್ಬ ಹೆಂಗಸು ಬಾಗಿಲು ತೆರೆದು, ಅಟ್ಟಿಸಿಕೊಂಡು ಬಂದವರನ್ನು ಒಳಗೆ ಕರೆದಳೆಂದು ಬರೆಯುವುದು ನನಗೆ ಅತ್ಯಂತ ಸಹಜವಾಗಿ ಕಾಣುತ್ತದೆ.

ದೊಡ್ಡಪ್ಪ: ನೀನು ಬರೆದ ಇತಿಹಾಸವನ್ನು ಒಪ್ಪುತ್ತೇನೆ, ಆದರೆ ಅದು ನಿನ್ನ ವಾದಕ್ಕೆ ವಿರುದ್ಧವಾಗಿಯೇ ನಿಲ್ಲುತ್ತದೆ. ಪ್ಲೊಗೊಯೊವಿಟ್ಜ್ ನಿರಪರಾಧಿ, ಏಕೆಂದರೆ ಅವನು ಪಿಶಾಚಿಯೇ ಆಗಿರಲಿಲ್ಲ. ಮಗುವಿನ ಕಥೆಯಲ್ಲಿರುವವರು ನಿಜವಾಗಿಯೂ ರಕ್ತ ಕುಡಿಯುವವರು. ಆ ಬಡ ಹಳ್ಳಿಗನ ನಿರಪರಾಧಿತನವನ್ನು ತಂದು ಇವರಿಗೆ ತೊಡಿಸುವುದು ಯಾವ ನ್ಯಾಯ? ಇನ್ನು, ಆ ಹಳ್ಳಿಯವರನ್ನು ಕ್ರೂರಿಗಳೆಂದು ಓದುಗರು ತಿಳಿಯುವಂತೆ ಬರೆಯುವುದೂ ತಪ್ಪು. ವೈದ್ಯರಿಲ್ಲದ ಊರಿನಲ್ಲಿ, ರೋಗದ ಹೆಸರೂ ಗೊತ್ತಿಲ್ಲದೆ, ಒಂದೊಂದೇ ಮನೆಯಲ್ಲಿ ಹೆಣ ಬೀಳುವುದನ್ನು ನೋಡುತ್ತಿದ್ದವರು ಅವರು. ಅವರ ಸಂಕಟಕ್ಕೂ ಕಥೆಯಲ್ಲಿ ಜಾಗ ಬೇಕು.

ಅತ್ತೆ: ಅಣ್ಣ ಹೇಳಿದ್ದರಲ್ಲಿ ತಥ್ಯವಿದೆ, ಅದನ್ನು ನೀವು ನೀವೇ ಬಗೆಹರಿಸಿಕೊಳ್ಳಿ. ನಿವೃತ್ತಿಯಾಗುವವರೆಗೂ ರಕ್ತನಿಧಿಯಲ್ಲಿ ಕೆಲಸ ಮಾಡಿದ ನನಗೆ ಎರಡನೆಯ ಅಧ್ಯಾಯದ ಅಡುಗೆಮನೆಯ ದೃಶ್ಯ ನುಂಗಲಾರದ ತುತ್ತಾಯಿತು. ಆ ವಿಧವೆ ಆಸ್ಪತ್ರೆಯ ಫ್ರಿಜ್ಜಿನಿಂದ ರಕ್ತದ ಚೀಲಗಳನ್ನು ಕದ್ದು ತರಿಸುತ್ತಾಳೆ, ಮತ್ತು ಲೇಖಕಿ ಅದನ್ನು ಅವಳ ಒಳ್ಳೆಯತನವೆಂಬಂತೆ ಬರೆದಿದ್ದಾಳೆ. ಒಂದು ಚೀಲ ಅಂದರೆ ಯಾರೋ ಒಬ್ಬರು ತೋಳು ಚಾಚಿ ಮಲಗಿ ಕೊಟ್ಟದ್ದು. ಅದು ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೋ ಅಪಘಾತದಲ್ಲಿ ಬಿದ್ದ ಹುಡುಗನಿಗೋ ಸೇರಬೇಕಾದದ್ದು. ಬೇರ್ಪಡಿಸಿದ ಕೆಂಪು ರಕ್ತಕಣಗಳನ್ನು ಸಂರಕ್ಷಕ ದ್ರಾವಣದಲ್ಲಿ, 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟರೆ 42 ದಿನಗಳವರೆಗೆ ಬಳಸಬಹುದು. ಅವಧಿ ಮುಗಿದದ್ದನ್ನು ರೋಗಿಗೆ ಕೊಡುವಂತಿಲ್ಲ, ನಾಶಪಡಿಸಬೇಕು. ಅವಳ ಅತಿಥಿಗಳಿಗೆ ಬೇಕಿದ್ದರೆ ಆ 43ನೆಯ ದಿನದ ಚೀಲ ಸಿಗಲಿ. ಆಗ ಅದು ಕಳ್ಳತನವಾಗುವ ಬದಲು ಒಳಗಿನ ಒಬ್ಬ ನೌಕರ ತನ್ನ ಕೆಲಸವನ್ನು ಪಣಕ್ಕಿಟ್ಟು ಮಾಡುವ ಸಹಾಯವಾಗುತ್ತದೆ, ಮತ್ತು ಯಾವ ರೋಗಿಯೂ ಅದಕ್ಕಾಗಿ ಸಾಯುವುದಿಲ್ಲ.

ಇನ್ನೊಂದು ತಿದ್ದುಪಡಿ. ಅತಿಥಿಯೊಬ್ಬನಿಗೆ ಗುಂಪು ಹೊಂದದ ರಕ್ತ ಕೊಟ್ಟು ಅವನು ಸಾಯುವ ಸ್ಥಿತಿಗೆ ಬಂದನೆಂದು ಬರೆದಿದ್ದಾಳೆ. ರಕ್ತದ ಗುಂಪು ಮುಖ್ಯವಾಗುವುದು ರಕ್ತನಾಳಕ್ಕೆ ಏರಿಸಿದಾಗ. ಕುಡಿದದ್ದು ಹೊಟ್ಟೆಗೆ ಹೋಗಿ ಜೀರ್ಣವಾಗುತ್ತದೆ. ಆದರೂ ರಕ್ತದ ಗುಂಪಿನ ಮಾತನ್ನು ಕಥೆಯಿಂದ ಬಿಡಬೇಡಮ್ಮ. ಮನುಷ್ಯರ ರಕ್ತದಲ್ಲಿ ಬೇರೆ ಬೇರೆ ಗುಂಪುಗಳಿವೆಯೆಂದು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿವರಿಸಿದ್ದು ನೀನಿರುವ ಆ ವಿಯೆನ್ನಾದಲ್ಲೇ. ಅದಕ್ಕೆ 1930ರಲ್ಲಿ ನೊಬೆಲ್ ಬಹುಮಾನ ಬಂತು. ಅವರಿಂದಾಗಿ ಬದುಕಿದವರ ಲೆಕ್ಕ ಯಾರೂ ಹಾಕಲಾರರು. ರಕ್ತಕ್ಕೆ ಹಸಿದವರು ವಾಸಿಸುವ ಹೋಟೆಲಿನಿಂದ ಸ್ವಲ್ಪ ದೂರದಲ್ಲಿ ಒಬ್ಬ ಯುವ ವೈದ್ಯ ಗಾಜಿನ ನಳಿಕೆಗಳಲ್ಲಿ ರಕ್ತವನ್ನು ಬೆರೆಸಿ ನೋಡುತ್ತಿದ್ದನೆಂಬುದು ಕಥೆಗಾರ್ತಿಗೆ ಸಿಕ್ಕ ಭಾಗ್ಯ.

ತಂಗಿ: ಅತ್ತೆ, ಎರಡನ್ನೂ ತಿದ್ದುತ್ತೇನೆ, ಆ ನೌಕರನ ಪಾತ್ರ ಈಗಾಗಲೇ ಕಣ್ಣ ಮುಂದೆ ಬರುತ್ತಿದೆ. ಹೋಟೆಲಿನ ಬದುಕನ್ನು ನಡೆಸುವುದು ಇಲ್ಲಿನ ಬೆಳಕು ಎಂಬುದನ್ನೂ ಹೇಳಬೇಕು. ಡಿಸೆಂಬರಿನ ಕೊನೆಯಲ್ಲಿ ಸಂಜೆ ಸುಮಾರು ನಾಲ್ಕಕ್ಕೇ ಸೂರ್ಯ ಮುಳುಗಿ, ಮರುದಿನ ಏಳೂಮುಕ್ಕಾಲರ ಹೊತ್ತಿಗೆ ಹುಟ್ಟುತ್ತಾನೆ. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿದ್ದು ಬೆಳಗಿನ ಐದರೊಳಗೆ ಮತ್ತೆ ಬೆಳಗಾಗುತ್ತದೆ. ಚಳಿಗಾಲದಲ್ಲಿ ಹದಿನೈದು ಗಂಟೆಗೂ ಮೀರಿದ ಸ್ವಾತಂತ್ರ್ಯ, ಬೇಸಿಗೆಯಲ್ಲಿ ಎಂಟು ಗಂಟೆ. ಸ್ಟೋಕರನ ಡ್ರಾಕುಲಾ ಹಗಲಿನಲ್ಲೂ ಓಡಾಡುತ್ತಾನೆ. ಬಿಸಿಲು ತಾಗಿದರೆ ಸಾವು ಎಂಬ ನಿಯಮ ನೆಲೆಯೂರಿದ್ದು 1922ರ ಒಂದು ಜರ್ಮನ್ ಮೂಕಚಿತ್ರದಿಂದ. ನಾನು ಆ ಎರಡನೆಯದನ್ನು ಆರಿಸಿಕೊಂಡೆ, ಏಕೆಂದರೆ ಆಗ ಮಾತ್ರ ಅವರಿಗೆ ಯಾರದಾದರೂ ಪರದೆಯ, ಯಾರದಾದರೂ ಬಾಗಿಲಿನ ಅಗತ್ಯ ಬೀಳುತ್ತದೆ. ಗೂಟದ ವಿಷಯದಲ್ಲೂ ಈ ಊರಿನಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಜೀವವಿರುವಾಗಲೇ ಹೂಳಿಬಿಟ್ಟಾರೆಂದು ಹೆದರಿದ ಜನ, ಸತ್ತ ಮೇಲೆ ತಮ್ಮ ಹೃದಯಕ್ಕೆ ವೈದ್ಯರಿಂದ ಚುಚ್ಚಿಸಬೇಕೆಂದು ಬರೆದಿಡುತ್ತಿದ್ದರು. ಲೇಖಕ ಆರ್ಥರ್ ಶ್ನಿಟ್ಸ್‌ಲರ್ ತನ್ನ ಉಯಿಲಿನಲ್ಲಿ ಹಾಗೆಯೇ ಕೇಳಿಕೊಂಡಿದ್ದ. ಅದಕ್ಕೆ ಬಳಸುತ್ತಿದ್ದ ಚೂರಿ ಇಲ್ಲಿನ ಅಂತ್ಯಸಂಸ್ಕಾರ ವಸ್ತುಸಂಗ್ರಹಾಲಯದಲ್ಲಿದೆ.

ಭಾವ: ಹೋಟೆಲಿನ ಬಗ್ಗೆ ನನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳುತ್ತಿದ್ದೇನೆ, ಆದರೆ ವಕೀಲನಾಗಿ ಒಂದು ಪ್ರಶ್ನೆ. ಸ್ಟೋಕರನ ಕಾದಂಬರಿಯ ಪ್ರಕಾರ ಮನೆಯವರಲ್ಲಿ ಒಬ್ಬರು ಕರೆಯದೆ ರಕ್ತಪಿಶಾಚಿ ಮೊದಲ ಸಲ ಒಳಗೆ ಬರಲಾರ. ಒಮ್ಮೆ ಕರೆದರೆ ಆಮೇಲೆ ತನಗೆ ಬೇಕಾದಾಗ ಬರಬಹುದು. ಹೋಟೆಲಿನ ಫಲಕವೇ ಎಲ್ಲರಿಗೂ ಕೊಟ್ಟ ಆಹ್ವಾನವಲ್ಲವೇ? ವಿಧವೆ ಹೊಸ್ತಿಲಲ್ಲಿ ಬನ್ನಿ ಎಂದರೆ ಅದು ಅವಳ ಹಜಾರಕ್ಕೆ ಮಾತ್ರವೋ, ಅಥವಾ ಬೀಗ ಹಾಕಿಕೊಂಡು ಮಲಗಿರುವ ಬೇರೆ ಅತಿಥಿಯ ಕೋಣೆಗೂ ಅನ್ವಯಿಸುತ್ತದೆಯೋ? ಬಾಡಿಗೆ ಕೊಟ್ಟ ರಾತ್ರಿಯ ಮಟ್ಟಿಗೆ ಆ ಕೋಣೆ ಅದರಲ್ಲಿರುವವನ ಮನೆ ಎಂಬುದು ನನ್ನ ಅಭಿಪ್ರಾಯ. ಇದನ್ನು ತೀರ್ಮಾನಿಸದೆ ಹೋಟೆಲಿನ ಕಥೆ ಬರೆಯಲಾಗದು.

ನಾನು: ಭಾವ, ಈ ಪ್ರಶ್ನೆಯಲ್ಲೇ ದೊಡ್ಡಪ್ಪನವರಿಗೆ ಕೊಡಬೇಕಾದ ಉತ್ತರವೂ ಇದೆ. ದೊಡ್ಡಪ್ಪ, ಪಿಶಾಚಿಗಳು ನಿಜವಾಗಿಯೂ ಇರುವ ಲೋಕದಲ್ಲಿ ಸುಳ್ಳು ಆರೋಪ ಇಲ್ಲವಾಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ಬಾಗಿಲಲ್ಲಿ ನಿಂತವಳು ರಕ್ತ ಕುಡಿಯುವವಳೋ, ರೋಸಿನಾಳಂತೆ ಊರಿನವರ ಭಯಕ್ಕೆ ಸಿಕ್ಕಿದವಳೋ ಎಂದು ಆ ವಿಧವೆಗೆ ತಿಳಿಯುವ ಮಾರ್ಗವಿಲ್ಲ. ಹೆಸರಿನ ಮೇಲೆ, ಗುಮಾನಿಯ ಮೇಲೆ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ, ನನ್ನ ಸೂರಿನ ಕೆಳಗೆ ನೀನು ಏನು ಮಾಡುತ್ತೀಯೋ ಅದರ ಮೇಲೆ ನಿನ್ನನ್ನು ಅಳೆಯುತ್ತೇನೆ ಎಂಬುದು ಅವಳ ನೀತಿ. ಆ ನೀತಿಗೆ ಅವಳು ಬೆಲೆ ತೆರಬೇಕು. ಪ್ರತಿ ರಾತ್ರಿ ಬನ್ನಿ ಎಂದಾಗಲೂ ಅವಳು ತನ್ನ ಪ್ರಾಣವನ್ನೂ, ಒಳಗೆ ಮಲಗಿರುವವರ ಪ್ರಾಣವನ್ನೂ ಪಣಕ್ಕಿಡುತ್ತಾಳೆ. ನೀವು ಕೇಳಿದ ಭಯ ಅಲ್ಲಿದೆ. ಒಲೆಯ ಬಿಸುಪು ಆ ಭಯವನ್ನು ಅಳಿಸಬಾರದು ಎಂಬುದನ್ನು ನಾನೂ ತಂಗಿಗೆ ಬಲವಾಗಿ ಹೇಳುತ್ತೇನೆ. ನನ್ನ ಸಲಹೆ ಇಷ್ಟು: ಆ ಅತಿಥಿಗಳಲ್ಲಿ ಒಬ್ಬಳು ಪಿಶಾಚಿಯೇ ಅಲ್ಲದಿರಲಿ. ಊರಿನವರು ಹೇಳಿದ್ದನ್ನು ನಂಬಿ ತಾನೂ ಹಾಗೆಂದೇ ತಿಳಿದುಕೊಂಡು, ಬಿಸಿಲಿಗೆ ಹೆದರಿ ವರ್ಷಗಟ್ಟಲೆ ಪರದೆಯ ಹಿಂದೆ ಬದುಕಿದವಳಾಗಿರಲಿ. ಇನ್ನೊಬ್ಬ ನಿಜವಾಗಿಯೂ ಕೊಂದವನಾಗಿರಲಿ, ಮತ್ತು ಇಬ್ಬರಿಗೂ ವಿಧವೆ ಬಡಿಸುವ ಊಟದ ಮೇಜು ಒಂದೇ ಆಗಿರಲಿ.

ದೊಡ್ಡಪ್ಪ: ಈ ಕೊನೆಯ ಮಾತಿಗೆ ನನ್ನ ಒಪ್ಪಿಗೆಯಿದೆ. ಕೊಂದವನಿಗೂ ಕೋಣೆ ಕೊಡಬೇಕೆಂಬುದನ್ನು ಈಗಲೂ ಒಪ್ಪುವುದಿಲ್ಲ, ಅದು ನನ್ನ ನಿಲುವು. ಅವನ ಕೈಯಲ್ಲಿ ಸತ್ತ ಹುಡುಗಿಯ ತಾಯಿ ಅದೇ ಹೋಟೆಲಿಗೆ ಬಂದು ಕೋಣೆ ಕೇಳಲಿ. ಅವಳಿಗೆ ವಿಧವೆ ಏನು ಹೇಳುತ್ತಾಳೆಂಬುದನ್ನು ಓದಿದ ಮೇಲೆ ನಾನು ಮುಂದಿನ ಮಾತನಾಡುತ್ತೇನೆ.

ತಂಗಿ: ದೊಡ್ಡಪ್ಪ, ಮೂರನೆಯ ಅಧ್ಯಾಯವನ್ನು ಆ ತಾಯಿಯ ಬರವಿನಿಂದಲೇ ಆರಂಭಿಸುತ್ತೇನೆ. ಅವಳಿಗೆ ಕೋಣೆ ಸಿಗುತ್ತದೆ, ಕೊಂದವನು ಎಲ್ಲಿದ್ದಾನೆಂದು ಅವಳು ಕೇಳಿದಾಗ ವಿಧವೆ ಸುಳ್ಳು ಹೇಳುವುದಿಲ್ಲ. ಭಾವ ಹೇಳಿದ ನಿಯಮವೂ ಇರುತ್ತದೆ: ಆ ತಾಯಿ ಕರೆಯದೆ ಅವನು ಅವಳ ಕೋಣೆಯ ಹೊಸ್ತಿಲು ದಾಟಲಾರ.

ದೊಡ್ಡಪ್ಪ: ಹಾಗಾದರೆ ಬರೆದು ಇಲ್ಲೇ ಹಾಕು. ಆ ತಾಯಿಯ ಮಾತುಗಳನ್ನು ಮಾತ್ರ ಚುಟುಕಾಗಿಸಬೇಡ, ಅವಳು ಹೇಳಬೇಕಾದ್ದನ್ನೆಲ್ಲ ಹೇಳಲಿ.